ಮಾಷ್ಟ್ರ ಹಲ್ಲುಸೆಟ್ಟು ಮತ್ತು ಅದರ ಹಿಂದಿನ ಚರಿತ್ರೆ

ಪೆರ್ಲ ಪೇಟೆಯಿಂದ ಯಾವ ದಿಕ್ಕಿಗೆ ಹೋದರೂ ಸಿಗುವುದು ಅಡಿಕೆ ತೋಟಗಳೇ. ಆ ತೋಟಗಳ ನಡುವಿನ ಹಳೆಯ ಮನೆಗಳ ಜಗಲಿಯಲ್ಲಿ ಒಂದು ಕುಟ್ಟಾಣಿ ಈಗಲೂ ಕಾಣಸಿಗುತ್ತದೆ. ಹಲ್ಲು ಹೋದ ಅಜ್ಜ ಅಜ್ಜಿಯಂದಿರು ವೀಳ್ಯದೆಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟಿ ಬಾಯಿಗಿಡುವ ಪುಟ್ಟ ಒರಳು ಅದು. ತೋಟ ತುಂಬ ಅಡಿಕೆ ಇದ್ದೂ ಒಂದು ಹೋಳು ಜಗಿಯಲಾಗದವರು ಕಂಡುಕೊಂಡ ಉಪಾಯ. ಅನ್ನವನ್ನು ಕಿವುಚಿ ಉಣ್ಣಬಹುದು, ತಾಂಬೂಲವನ್ನು ಕುಟ್ಟಿ ಮೆಲ್ಲಬಹುದು. ಮಾತನ್ನು ಏನು ಮಾಡುವುದು?

ಈ ಪ್ರಶ್ನೆ ನಮಗೆ ಎದುರಾದದ್ದು ನಮ್ಮ ಮಾಷ್ಟ್ರಿಂದಾಗಿ. ನಾವು ಎಂದರೆ ಒಂದೇ ಶಾಲೆಯ ಮೂವರು ಅಧ್ಯಾಪಕರು, ಮೂವರೂ ಆ ಮಾಷ್ಟ್ರ ಹಳೆಯ ಶಿಷ್ಯರೇ. ಅವರ ಹೆಸರು ಬರೆಯುವುದು ಬೇಡ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಕಲಿಸಿದವರು. ನಿವೃತ್ತರಾದ ಮೇಲೆ ತಾಳಮದ್ದಳೆಯೇ ಅವರ ಶಾಲೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತು ಅರ್ಥ ಹೇಳಬೇಕು, ಅಷ್ಟೆ. ನಾಲಗೆ ತಪ್ಪಿದರೆ ಮುಚ್ಚಿಕೊಳ್ಳಲು ಕಿರೀಟವೂ ಇಲ್ಲ. ‘ಕೃಷ್ಣಸಂಧಾನ’ದ ವಿದುರ ಅವರಿಗೆ ಒಲಿದ ಪಾತ್ರ.

2020ರ ಆರಂಭದಲ್ಲಿ ಉಳಿದ ನಾಲ್ಕೈದು ಹಲ್ಲುಗಳನ್ನೂ ತೆಗೆಸಿ, ಗಾಯ ಮಾಯ್ದ ಕೂಡಲೇ ಮಂಗಳೂರಿನಲ್ಲಿ ಹಲ್ಲುಸೆಟ್ಟಿಗೆ ಅಳತೆ ಕೊಟ್ಟರು. ಕಾಸರಗೋಡಿನ ನಮಗೆ ಆಸ್ಪತ್ರೆ ಎಂದರೆ ಮೊದಲಿನಿಂದಲೂ ಮಂಗಳೂರೇ ತಾನೆ. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು, ಗಡಿ ರಸ್ತೆಗಳಿಗೆ ಮಣ್ಣು ಬಿತ್ತು. ತುರ್ತು ರೋಗಿಗಳೇ ಆಚೆ ಹೋಗಲಾಗದೆ ಕಷ್ಟಪಟ್ಟ ದಿನಗಳವು. ಹಲ್ಲಿನ ಅಳತೆಯ ಬಗ್ಗೆ ಯಾರು ಕೇಳುತ್ತಾರೆ! ಮಾಷ್ಟ್ರ ಹಲ್ಲು ಮೇಣದಲ್ಲಿ ನಾಟಿದ ಸ್ಥಿತಿಯಲ್ಲಿ ಗಡಿಯ ಆಚೆ, ಮಾಷ್ಟ್ರು ಈಚೆ. ತಿಂಗಳುಗಳ ನಂತರ ಸೆಟ್ಟು ಕೈಗೆ ಬಂದಾಗ ಅದು ಅವರ ಬಾಯಿಯದ್ದಾಗಿರಲಿಲ್ಲ. ಹಲ್ಲು ತೆಗೆದ ಮೇಲೆ ದವಡೆಯ ಎಲುಬು ಸವೆದು ತಗ್ಗುತ್ತದೆ. ಅದು ಅತಿ ಹೆಚ್ಚಾಗುವುದು ಮೊದಲ ವರ್ಷದಲ್ಲೇ. ಅದು ಸಾಲದ್ದಕ್ಕೆ ಸೆಟ್ಟು ತಯಾರಿಯಲ್ಲೇ ಸ್ವಲ್ಪ ಎತ್ತರವಾಗಿತ್ತು. ಮಾತಾಡಿದರೆ ಮೇಲಿನದು ಕೆಳಗಿನದಕ್ಕೆ ತಾಗಿ ಟಕಟಕ ಸದ್ದು. ‘ಸಂಧಾನ’ ಎಂದರೆ ‘ಶಂಧಾನ’ ಎಂದು ಕೇಳುತ್ತಿತ್ತು. ಒಂದು ಕೂಟದಲ್ಲಿ ಮುಂದೆ ಕುಳಿತ ಮಕ್ಕಳು ನಕ್ಕರು. ಆಮೇಲೆ ಅವರು ಕೂಟಕ್ಕೆ ಹೋಗಲಿಲ್ಲ. ಸೆಟ್ಟು ಗಿಂಡಿಯ ನೀರಿನಲ್ಲಿ ಉಳಿಯಿತು.

ನಕ್ಕ ಮಕ್ಕಳಲ್ಲಿ ನಮ್ಮ ಶಾಲೆಯವರೂ ಇದ್ದರು. ಗದರುವುದಕ್ಕಿಂತ ಹಲ್ಲುಸೆಟ್ಟು ಎಂದರೆ ಏನು, ಹೇಗೆ ಆಗುತ್ತದೆ ಎಂದು ತಿಳಿಸುವುದೇ ಮೇಲು ಎಂದು ನಮಗೆ ಕಂಡಿತು. ತಿಳಿಸಲು ಹೊರಟರೆ ನಮಗೇ ಏನೂ ಗೊತ್ತಿರಲಿಲ್ಲ! ಓದಿದ್ದು, ಕೇಳಿದ್ದು, ಆಮೇಲೆ ಕಣ್ಣಾರೆ ಕಂಡದ್ದು ಸೇರಿ ಈ ಬರಹ.

ಮೊದಲ ಕಾಲದ ಹಲ್ಲುಸೆಟ್ಟು ಕೆತ್ತಿದ್ದು. ಜಪಾನಿನ ಈಗಿನ ವಾಕಾಯಾಮಾ ಪ್ರಾಂತದಲ್ಲಿ 1538ರಲ್ಲಿ ತೀರಿಕೊಂಡ ನಕಾವೊಕಾ ತೇಯಿ ಎಂಬ ಬೌದ್ಧ ಸನ್ಯಾಸಿನಿಯ ಮರದ ಹಲ್ಲುಸೆಟ್ಟು ಇಂದಿಗೂ ಉಳಿದಿದೆ. ಗಟ್ಟಿ ಜಾತಿಯ ಮರದ ಒಂದೇ ತುಂಡಿನಲ್ಲಿ ಅಂಗುಳು, ವಸಡು, ಹಲ್ಲು ಎಲ್ಲವನ್ನೂ ಕಡೆದದ್ದು. ಅಲ್ಲಿಯ ಕುಶಲಕರ್ಮಿಗಳು ಬಾಯಿಯ ಅಳತೆಯನ್ನು ಮೇಣದಲ್ಲಿ ತೆಗೆದು, ಎಲ್ಲಿ ತಾಗುತ್ತದೆ ಎಂದು ನೋಡಿ ನೋಡಿ ಹೆರೆದು ಕೂರಿಸುತ್ತಿದ್ದರು. ಸ್ಪ್ರಿಂಗಿಲ್ಲದೆ ಅಂಗುಳಿಗೆ ಅಂಟಿ ನಿಲ್ಲುವ ಈ ಗುಟ್ಟನ್ನು ಯುರೋಪಿಗಿಂತ ಬಹಳ ಮೊದಲೇ ಅವರು ತಿಳಿದಿದ್ದರು.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ ಮರದ ಹಲ್ಲಿತ್ತು ಎಂದು ನಾವೂ ಎಲ್ಲೋ ಓದಿ ತರಗತಿಯಲ್ಲಿ ಹೇಳಿದ್ದುಂಟು. ತಪ್ಪು. ಅವರ ಸೆಟ್ಟುಗಳಲ್ಲಿದ್ದದ್ದು ನೀರಾನೆಯ ದಂತ, ಸೀಸ, ಸ್ಪ್ರಿಂಗು ಮತ್ತು ಮನುಷ್ಯರ ಹಲ್ಲು. 1784ರ ಅವರ ಲೆಕ್ಕದ ಪುಸ್ತಕದಲ್ಲಿ ಕರಿಯರಿಗೆ ಒಂಬತ್ತು ಹಲ್ಲುಗಳಿಗಾಗಿ ಹಣ ಕೊಟ್ಟ ಬಗ್ಗೆ ಒಂದು ಸಾಲಿದೆ. ಅವರ ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರು ಎಂಬುದನ್ನು ನೆನಪಿಟ್ಟುಕೊಂಡು ಆ ಸಾಲನ್ನು ಓದಬೇಕು. 1815ರ ವಾಟರ್ಲೂ ಯುದ್ಧದ ನಂತರವಂತೂ ಸತ್ತ ಸೈನಿಕರ ಬಾಯಿಂದ ಕಿತ್ತ ಹಲ್ಲುಗಳು ಇಂಗ್ಲೆಂಡಿನ ಶ್ರೀಮಂತರ ಬಾಯಿ ಸೇರಿದವು. ‘ವಾಟರ್ಲೂ ಹಲ್ಲು’ ಎಂಬ ಹೆಸರೇ ಬಿತ್ತು. ಮಕ್ಕಳಿಗೆ ಇದನ್ನು ಹೇಳುವಾಗ ತರಗತಿ ನಿಶ್ಶಬ್ದವಾಯಿತು.

ಬಡವರ ಬಾಯಿಗೂ ಸೆಟ್ಟು ಬಂದದ್ದು ರಬ್ಬರಿನಿಂದ. ನಮ್ಮ ಗುಡ್ಡಗಳಲ್ಲಿ ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗ್‌ಗೆ ಹೊರಡುವವರನ್ನು ನೋಡಿದವರಿಗೆ ಈ ಮಾತು ತಮಾಷೆ ಎನಿಸಬಹುದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕನ್, ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟದೆ ಚಳಿಗೆ ಒಡೆಯದೆ ನಿಲ್ಲುತ್ತದೆ ಎಂದು ಕಂಡುಹಿಡಿದ. ಗಂಧಕ ಜಾಸ್ತಿ ಹಾಕಿದರೆ ಕಲ್ಲಿನ ಹಾಗೆ ಗಟ್ಟಿ. ಅವನ ತಮ್ಮ ನೆಲ್ಸನ್ 1851ರಲ್ಲಿ ಈ ಗಟ್ಟಿ ರಬ್ಬರಿಗೆ ಪೇಟೆಂಟ್ ಪಡೆದ. ವಲ್ಕನೈಟ್ ಎಂಬ ಈ ವಸ್ತುವನ್ನು ಅಚ್ಚಿನಲ್ಲಿ ಒತ್ತಿ, ನಮ್ಮ ಅಡಿಗೆಮನೆಯ ಕುಕ್ಕರಿನಂಥ ಪಾತ್ರೆಯಲ್ಲಿ ಹಬೆಯ ಒತ್ತಡದಲ್ಲಿ ಬೇಯಿಸಿದರೆ ಹಲ್ಲಿನ ತಟ್ಟೆ ಸಿದ್ಧ. ಕೆತ್ತುವ ಕಾಲ ಅಲ್ಲಿಗೆ ಮುಗಿದು ಅಚ್ಚಿನ ಕಾಲ ಶುರುವಾಯಿತು.

ಬೆಲೆ ಇಳಿಯಿತು, ಜಗಳ ಏರಿತು! ದಂತವೈದ್ಯರು ವಲ್ಕನೈಟ್ ಬಳಸಬೇಕಾದರೆ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪೆನಿಗೆ ಪರವಾನಗಿ ಹಣ ಕಟ್ಟಬೇಕಿತ್ತು. ಕಂಪೆನಿಯ ಖಜಾಂಚಿ ಜೋಸಯಾ ಬೇಕನ್ ಊರೂರು ತಿರುಗಿ, ಕಟ್ಟದವರನ್ನು ಹುಡುಕಿ ಕೋರ್ಟಿಗೆ ಎಳೆಯುತ್ತಿದ್ದ. 1879ರ ಈಸ್ಟರ್ ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ಸ್ಯಾಮುಯೆಲ್ ಚಾಲ್ಫಂಟ್ ಎಂಬ ದಂತವೈದ್ಯನ ಗುಂಡಿಗೆ ಬೇಕನ್ ಬಲಿಯಾದ. ಎರಡು ವರ್ಷದಲ್ಲಿ ಪೇಟೆಂಟಿನ ಅವಧಿ ತಾನಾಗಿಯೇ ಮುಗಿಯಿತು.

ವಲ್ಕನೈಟ್ ಸುಮಾರು ಎಂಬತ್ತು ವರ್ಷ ಬಾಳಿತು. ಕಂದುಗೆಂಪು ಬಣ್ಣ, ಬೆಳಕು ಹಾಯದ ಮೈ, ಬಾಯಿ ತೆರೆದರೆ ವಸಡಿನಂತೆ ಕಾಣುವುದಿಲ್ಲ. ನಡುವೆ ಸೆಲ್ಯುಲಾಯ್ಡ್ ಬಂತು. ಕರ್ಪೂರದ ರುಚಿ, ಬಣ್ಣ ಬೇರೆ ಕೆಡುತ್ತಿತ್ತು. ಅದು ನಿಲ್ಲಲಿಲ್ಲ. 1930ರ ದಶಕದಲ್ಲಿ ಜರ್ಮನಿ ಮತ್ತು ಇಂಗ್ಲೆಂಡಿನಲ್ಲಿ ಅಕ್ರಿಲಿಕ್ ಗಾಜು ತಯಾರಾಯಿತು. ಅದನ್ನೇ ಪುಡಿ ಮತ್ತು ದ್ರವವಾಗಿ ಕಲಸಿ ಹಿಟ್ಟು ಮಾಡಿ ಅಚ್ಚಿಗೆ ಒತ್ತುವ ಉಪಾಯಕ್ಕೆ 1936ರಲ್ಲಿ ಜರ್ಮನಿಯ ಕುಲ್ಜರ್ ಸಂಸ್ಥೆ ಪೇಟೆಂಟ್ ಕೇಳಿತು. ಮರುವರ್ಷವೇ ಅಮೆರಿಕದಲ್ಲೂ ಅಕ್ರಿಲಿಕ್ ಹಲ್ಲುಸೆಟ್ಟು ಬಂತು. ಗುಲಾಬಿ ಬಣ್ಣ, ಅರೆಪಾರದರ್ಶಕ, ಥೇಟ್ ವಸಡು. ಹತ್ತೇ ವರ್ಷದಲ್ಲಿ ರಬ್ಬರು ಬಹುಮಟ್ಟಿಗೆ ಹಿಂದೆ ಸರಿಯಿತು.

ಇದೇ ಅಕ್ರಿಲಿಕ್ ಯುದ್ಧವಿಮಾನಗಳ ಕಿಟಕಿಯೂ ಆಗಿತ್ತು. ಒಡೆದ ಕಿಟಕಿಯ ಚೂರು ಕಣ್ಣೊಳಗೆ ಹೊಕ್ಕಿದ್ದರೂ ಪೈಲಟ್‌ಗಳ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಕಂಡ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ, 1949ರಲ್ಲಿ ಪೊರೆ ತೆಗೆದ ಕಣ್ಣಿಗೆ ಅಕ್ರಿಲಿಕ್ ಮಸೂರ ಇಟ್ಟರು. ಹಾಗಾಗಿ ಒಂದು ತಲೆಮಾರಿನ ಅಜ್ಜ ಅಜ್ಜಿಯರ ಕಣ್ಣಿನಲ್ಲೂ ಬಾಯಿಯಲ್ಲೂ ಇದ್ದದ್ದು ಒಂದೇ ವಸ್ತು! ಇರಲಿ, ವಿಷಯಕ್ಕೆ ಬರೋಣ.

ಭಾರತದಲ್ಲಿ ದಂತವೈದ್ಯ ಶಿಕ್ಷಣ ನೆಲೆ ಕಂಡದ್ದು 1920ರಲ್ಲಿ ಡಾ. ರಫೀವುದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ ತೆರೆದ ಕಾಲೇಜಿನಿಂದ. 1948ರ ದಂತವೈದ್ಯರ ಕಾಯಿದೆ ವೈದ್ಯರಷ್ಟೇ ಅಲ್ಲ, ‘ಡೆಂಟಲ್ ಮೆಕ್ಯಾನಿಕ್’ ಎಂಬವರನ್ನೂ ಹೆಸರಿಸಿ ನೋಂದಣಿಗೆ ಒಳಪಡಿಸಿತು. ಸೆಟ್ಟನ್ನು ಕೈಯಾರೆ ಮಾಡುವವರು ಇವರೇ, ಬಾಯಿಯ ಮಾಲೀಕರು ಮಾತ್ರ ಇವರ ಮುಖ ನೋಡಿರುವುದಿಲ್ಲ. ನಮ್ಮ ಕರಾವಳಿಗೆ ಈ ವಿದ್ಯೆ ಬಂದದ್ದು 1965ರಲ್ಲಿ ಮಣಿಪಾಲದ ದಂತವೈದ್ಯಕೀಯ ಕಾಲೇಜಿನೊಂದಿಗೆ. ಮುಂದೆ ದೇರಳಕಟ್ಟೆ, ಮಂಗಳೂರು, ಸುಳ್ಯಗಳಲ್ಲೂ ಕಾಲೇಜುಗಳು ಹುಟ್ಟಿದವು. ಅವುಗಳ ಬೆನ್ನಿಗೇ ಹಲ್ಲು ತಯಾರಿಸುವ ಲ್ಯಾಬುಗಳು ಎದ್ದವು. ಪೆರ್ಲ, ಬದಿಯಡ್ಕ, ಅಡ್ಯನಡ್ಕದವರು ಬಸ್ಸು ಹತ್ತಿ ಹೋದದ್ದು ಇಲ್ಲಿಗೇ.

ಲ್ಯಾಬಿನಲ್ಲಿ ಆಗುವುದು ಏನು? ಪಯ್ಯನ್ನೂರಿನ ಹತ್ತಿರದ ಕುಂಞಿಮಂಗಲದಲ್ಲಿ ಕಂಚಿನ ವಿಗ್ರಹ ಎರೆಯುವುದನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಮೇಣದಲ್ಲಿ ರೂಪ ಮಾಡಿ, ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಖಾಲಿ ಜಾಗಕ್ಕೆ ಕಂಚು ಹೊಯ್ಯುವ ವಿದ್ಯೆ ಅದು. ಇಲ್ಲಿಯೂ ಮೇಣದ ವಸಡಿನಲ್ಲಿ ತಯಾರಿ ಹಲ್ಲುಗಳನ್ನು ನಾಟುತ್ತಾರೆ. ಫ್ಲಾಸ್ಕ್ ಎಂಬ ಎರಡು ಭಾಗದ ಲೋಹದ ಡಬ್ಬಿಯಲ್ಲಿ ಪ್ಲಾಸ್ಟರ್ ತುಂಬಿ ಅದರೊಳಗೆ ಹುದುಗಿಸುತ್ತಾರೆ. ಬಿಸಿನೀರಲ್ಲಿಟ್ಟು ತೆರೆದು ಮೇಣವನ್ನು ತೊಳೆದರೆ ಹಲ್ಲು ಪ್ಲಾಸ್ಟರಿಗೆ ಕಚ್ಚಿಕೊಂಡು ಉಳಿಯುತ್ತದೆ, ವಸಡಿನ ಜಾಗ ಖಾಲಿ. ಅಚ್ಚಿಗೆ ಅಂಟದಿರಲು ಬಳಿಯುವ ದ್ರಾವಣ ಕಡಲಪಾಚಿಯಿಂದ ಬಂದದ್ದು. ಆಮೇಲೆ ಮೂರು ಪಾಲು ಪುಡಿಗೆ ಒಂದು ಪಾಲು ದ್ರವ ಕಲಸುತ್ತಾರೆ. ಮೊದಲು ಒದ್ದೆ ಮರಳಿನಂತೆ, ಮತ್ತೆ ಎಳೆದರೆ ನೂಲಿನಂತೆ, ಮತ್ತೆ ಹೋಳಿಗೆಯ ಕಣಕದಂತೆ. ಕಣಕದ ಹದ ಬಂದಾಗಲೇ ತುಂಬಬೇಕು, ಬಿಟ್ಟರೆ ರಬ್ಬರಿನಂತಾಗಿ ಮಾತು ಕೇಳುವುದಿಲ್ಲ.

ತುಂಬಿ, ಮುಚ್ಚಿ, ಪ್ರೆಸ್ಸಿನಲ್ಲಿ ಒತ್ತುವಾಗಲೇ ತೊಂದರೆಯ ಮೂಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು ಎಲ್ಲರಿಗೂ ಗೊತ್ತು. ಹಂಚಿನ ಪ್ರೆಸ್ಸು ಮಣ್ಣನ್ನು ಒತ್ತಿದಾಗ ಹೆಚ್ಚಿನದು ಅಂಚಿನಿಂದ ಹೊರಗೆ ಬರುತ್ತದೆ, ಕತ್ತರಿಸಿ ತೆಗೆಯುತ್ತಾರೆ. ಹಂಚು ಕೂದಲೆಳೆ ದಪ್ಪವಾದರೆ ಮನೆಗೇನೂ ನಷ್ಟವಿಲ್ಲ. ಹಲ್ಲುಸೆಟ್ಟಿನಲ್ಲಿ ಹಾಗಲ್ಲ. ಡಬ್ಬಿಯ ಎರಡು ಭಾಗಗಳ ನಡುವೆ ಹೆಚ್ಚಿನ ಹಿಟ್ಟು ಪದರವಾಗಿ ನಿಂತರೆ ಡಬ್ಬಿ ಪೂರ್ತಿ ಮುಚ್ಚುವುದಿಲ್ಲ, ಅಷ್ಟೂ ಹಲ್ಲು ಎತ್ತರವಾಗುತ್ತದೆ. ಹಾಗಾಗಿ ಒತ್ತಿ, ತೆರೆದು, ಅಂಚು ಕತ್ತರಿಸಿ, ಮತ್ತೆ ಒತ್ತಿ ಹೀಗೆ ಎರಡು ಮೂರು ಸಲ ಮಾಡಬೇಕು. ಕೆಲಸದ ರಾಶಿ ಇರುವ ಲ್ಯಾಬಿನಲ್ಲಿ ಒಂದು ಸಲ ಕಡಿಮೆಯಾದರೆ ಕೇಳುವವರಾರು? ನಮ್ಮ ಮಾಷ್ಟ್ರ ಬಾಯಿಯ ಟಕಟಕ ಇಲ್ಲಿಂದಲೇ ಬಂದಿರಬೇಕು.

ಎರಡನೆಯ ಶತ್ರು ಕುಗ್ಗುವಿಕೆ. ಅಕ್ರಿಲಿಕ್ ದ್ರವವನ್ನು ಮಾತ್ರ ಗಟ್ಟಿ ಮಾಡಿದರೆ ಅದರ ಗಾತ್ರ ಶೇಕಡ 21ರಷ್ಟು ಕುಗ್ಗುತ್ತದೆ. ಆಗಲೇ ಗಟ್ಟಿಯಾಗಿರುವ ಪುಡಿಯನ್ನು ಸೇರಿಸುವುದರಿಂದ ಅದು ಶೇಕಡ 7ರ ಆಸುಪಾಸಿಗೆ ಇಳಿಯುತ್ತದೆ. ಉದ್ದಳತೆಯಲ್ಲಿ ಇದು ಅರ್ಧ ಶೇಕಡಕ್ಕೂ ಕಡಿಮೆ, ಐವತ್ತು ಮಿಲಿಮೀಟರ್ ಅಗಲದ ತಟ್ಟೆಯಲ್ಲಿ ಹೆಚ್ಚೆಂದರೆ ಕಾಲು ಮಿಲಿಮೀಟರ್. ಅಷ್ಟೇ ತಾನೆ ಎನ್ನಬೇಡಿ. ಮೇಲಿನ ಸೆಟ್ಟು ನಿಲ್ಲುವುದು ಅಂಗುಳಿಗೂ ತಟ್ಟೆಗೂ ನಡುವಿನ ಜೊಲ್ಲಿನ ತೆಳು ಪೊರೆಯಿಂದ. ಕುಗ್ಗಿದ ತಟ್ಟೆ ಅಂಗುಳಿನ ಹಿಂಬದಿಯಲ್ಲಿ ಎದ್ದು ನಿಲ್ಲುತ್ತದೆ, ಗಾಳಿ ನುಗ್ಗುತ್ತದೆ, ಸೆಟ್ಟು ಬೀಳುತ್ತದೆ. ಬೇಗ ಮುಗಿಸೋಣ ಎಂದು ನೀರನ್ನು ಒಮ್ಮೆಲೇ ಕುದಿಸಿದರೆ ಬೇರೆ ಪಾಡು. ಆ ದ್ರವ ಕುದಿಯುವುದೂ ಸುಮಾರು ನೂರು ಡಿಗ್ರಿಗೇ, ಗಟ್ಟಿಯಾಗುವಾಗ ಹಿಟ್ಟು ತಾನೇ ಬಿಸಿಯಾಗುವುದರಿಂದ ಒಳಗೊಳಗೇ ಕುದಿದು ಗುಳ್ಳೆ ಬೀಳುತ್ತದೆ. ಅದಕ್ಕೇ 74 ಡಿಗ್ರಿಯಲ್ಲಿ ಎಂಟು ಗಂಟೆ, ರಾತ್ರಿಯಿಡೀ ಇಡುವ ಪದ್ಧತಿ.

ಹಿಟ್ಟನ್ನು ಒತ್ತುವ ಬದಲು, ಡಬ್ಬಿಯನ್ನು ಮೊದಲೇ ಬಿಗಿಯಾಗಿ ಮುಚ್ಚಿ ಒಂದು ಸಣ್ಣ ದಾರಿಯಿಂದ ತೂರಿಸಿದರೆ? ನಮ್ಮ ಮನೆಗಳ ಸೇಮಿಗೆ ಮಣೆಯ ವಿದ್ಯೆ ಅದು. 1942ರಲ್ಲಿ ಪ್ರಯೋರ್ ಎಂಬವರು ಹಲ್ಲುಸೆಟ್ಟಿಗೆ ಇದನ್ನು ಸೂಚಿಸಿದರು. ಆದರೆ ಆರಂಭದ ವರ್ಷಗಳ ಅಳತೆಗಳಲ್ಲಿ ಹಳೆಯ ವಿಧಾನಕ್ಕಿಂತ ದೊಡ್ಡ ಲಾಭ ಕಾಣಲಿಲ್ಲ, ಸಲಕರಣೆಯೂ ದುಬಾರಿ, ಹಾಗಾಗಿ ಹೆಚ್ಚಿನವರು ಪ್ರೆಸ್ಸನ್ನೇ ನೆಚ್ಚಿದರು. ಅದೇ ಉಪಾಯಕ್ಕೆ ಮತ್ತೆ ಜೀವ ಬಂದದ್ದು 1970ರ ದಶಕದಲ್ಲಿ, ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದ ಇವೋಕ್ಲಾರ್ ಕಂಪೆನಿಯ ಇವೋಕ್ಯಾಪ್ ವ್ಯವಸ್ಥೆಯಿಂದ. ಅಳೆದು ತುಂಬಿದ ಕ್ಯಾಪ್ಸೂಲು, ಮೂರು ಟನ್ನಿನ ಒತ್ತಡದಲ್ಲಿ ಬಿಗಿದ ಡಬ್ಬಿ, 6 ಬಾರ್ ಗಾಳಿಯ ಒತ್ತಡ, ಕುದಿಯುವ ನೀರಿನಲ್ಲಿ 35 ನಿಮಿಷ. ಒತ್ತಡವನ್ನು ಬೇಯುವಾಗಲೂ ಬಿಡದಿರುವುದೇ ಇದರ ಜಾಣತನ. ಶಾಖ ದಾರಿಯಿಂದ ದೂರದ ತುದಿಯಲ್ಲಿ ಮೊದಲು ತಾಗುತ್ತದೆ. ಅಲ್ಲಿಯ ಹಿಟ್ಟು ಗಟ್ಟಿಯಾಗಿ ಕುಗ್ಗಿದಷ್ಟೂ ಹಿಂದಿನಿಂದ ಹೊಸ ಹಿಟ್ಟು ಬಂದು ಜಾಗ ತುಂಬುತ್ತದೆ. ಕುಗ್ಗುವುದನ್ನು ನಿಲ್ಲಿಸಲಾಗದು, ಕುಗ್ಗಿದ್ದನ್ನು ಆಗಿಂದಾಗಲೇ ಭರ್ತಿ ಮಾಡಬಹುದು! 2010ರ ದಶಕದ ಆರಂಭದಲ್ಲಿ ಅದೇ ಕಂಪೆನಿಯ ಇವೋಬೇಸ್ ಯಂತ್ರ ಬಂತು. ಒತ್ತಡ, ಶಾಖ, ಸಮಯ ಮೂರನ್ನೂ ಯಂತ್ರವೇ ನೋಡಿಕೊಳ್ಳುತ್ತದೆ.

ಬಗ್ಗುವ ‘ಫ್ಲೆಕ್ಸಿಬಲ್’ ಹಲ್ಲು ಎಂದು ಪೇಟೆಯಲ್ಲಿ ಹೇಳುವುದು ಇದಲ್ಲ. ಅದು 1950ರ ದಶಕದಿಂದ ಇರುವ, ಕರಗಿಸಿ ತೂರಿಸುವ ನೈಲಾನ್. ಹಲವರು ಎರಡನ್ನೂ ಒಂದೇ ಎಂದುಕೊಂಡು ದುಡ್ಡು ಕೊಟ್ಟು ಬರುತ್ತಾರೆ.

ಮಾಷ್ಟ್ರನ್ನು ಎರಡನೆಯ ಸೆಟ್ಟಿಗೆ ಒಪ್ಪಿಸಲು ನಮಗೆ ವರ್ಷವೇ ಹಿಡಿಯಿತು. “ಇನ್ನೆಂತಕ್ಕೆ ಮಾರಾಯ್ರೇ, ಗಂಜಿ ಉಣ್ಣಲಿಕ್ಕೆ ಹಲ್ಲು ಬೇಕಾ?” ಎಂದೇ ಹೇಳುತ್ತಿದ್ದರು. ಕೊನೆಗೆ ಹೊಸ ಅಳತೆ ಕೊಟ್ಟದ್ದು ಇಂಥ ಯಂತ್ರ ಇರುವ ಲ್ಯಾಬಿನವರ ಜತೆ ಕೆಲಸ ಮಾಡುವ ಒಬ್ಬ ವೈದ್ಯರಲ್ಲಿ. ಅವರನ್ನು ಕೇಳಿಕೊಂಡು ನಾವೂ ಲ್ಯಾಬಿಗೆ ಹೋದೆವು.

ನಿಜ ಹೇಳಬೇಕೆಂದರೆ ಯಂತ್ರ ನೋಡಿ ನಮಗೆ ನಿರಾಸೆಯೇ ಆಯಿತು. ಒಂದು ಬಿಳಿ ಪೆಟ್ಟಿಗೆ, ಅಷ್ಟೆ. ಡಬ್ಬಿ ಒಳಗಿಟ್ಟು ಗುಂಡಿ ಒತ್ತಿದರು, ಮುಕ್ಕಾಲು ಗಂಟೆ ಏನೂ ಕಾಣುವುದಿಲ್ಲ. ನೋಡಬೇಕಾದದ್ದು ಪಕ್ಕದ ಮೇಜಿನಲ್ಲಿತ್ತು. ಮಧ್ಯವಯಸ್ಸಿನ ಒಬ್ಬ ತಂತ್ರಜ್ಞೆ ಇನ್ನೊಬ್ಬರ ಸೆಟ್ಟಿಗೆ ಮೇಣದಲ್ಲಿ ಹಲ್ಲು ನಾಟುತ್ತಿದ್ದರು. ಸ್ಪಿರಿಟ್ ದೀಪಕ್ಕೆ ಚಾಕು ಹಿಡಿದು, ಒಂದೊಂದೇ ಹಲ್ಲನ್ನು ಎಳ್ಳಷ್ಟು ಓರೆ ಮಾಡಿ, ಮತ್ತೆ ನೇರ ಮಾಡಿ. ಯಂತ್ರ ಬಂದು ಏನು ಬದಲಾಯಿತು ಎಂದು ಕೇಳಿದೆವು. “ಮೊದಲು ಪ್ರೆಸ್ ಆದಮೇಲೆ ಎತ್ತರ ಆಗಿರ್ತಿತ್ತು, ಕಚ್ಚುವ ಜಾಗ ಉಜ್ಜಿ ಉಜ್ಜಿ ಸಾಕಾಗ್ತಿತ್ತು. ಈಗ ನಾಟಿದ ಹಾಗೇ ಬರ್ತದೆ. ಅಂದ್ರೆ ನಾಟಿದ್ದು ತಪ್ಪಿದ್ರೆ ತಪ್ಪೇ ಬರ್ತದೆ ಸರ್” ಎಂದು ನಕ್ಕರು. ಒತ್ತುವಾಗ ದ್ರವದ ವಾಸನೆ ಕುಡಿಯುವುದು ತಪ್ಪಿದ್ದು ತನಗೆ ದೊಡ್ಡ ಲಾಭ ಎಂದರು. ಅದು ನಮಗೆ ಹೊಳೆದೇ ಇರಲಿಲ್ಲ.

ಎರಡೂ ವಿಧಾನಗಳನ್ನು ಹೋಲಿಸಿ ಅಳೆದ ಅಧ್ಯಯನಗಳಲ್ಲೂ ಹೆಚ್ಚಿನವು ಹೇಳುವುದು ಅದನ್ನೇ: ತೂರಿಸಿ ಮಾಡಿದ್ದರಲ್ಲಿ ಕಚ್ಚುವ ಎತ್ತರದ ಏರಿಕೆ ಕಡಿಮೆ. ಆದರೆ ವ್ಯತ್ಯಾಸ ಮಿಲಿಮೀಟರಿನ ಭಿನ್ನಾಂಕಗಳದ್ದು. ಜಾಗರೂಕತೆಯಿಂದ ಪ್ರೆಸ್ ಮಾಡಿದ ಸೆಟ್ಟು ಚೆನ್ನಾಗಿಯೇ ಬರುತ್ತದೆ, ಕೋಟ್ಯಂತರ ಜನ ಅದರಲ್ಲೇ ಉಂಡು ಬಾಳಿದ್ದಾರೆ. ಖರ್ಚು ಜಾಸ್ತಿ, ಮಾಷ್ಟ್ರ ಪೆನ್ಶನ್ನಿಗೆ ಅದು ಹಗುರವಲ್ಲ. ಅದಲ್ಲದೆ, ಕಾರ್ಖಾನೆಯಲ್ಲೇ ಒತ್ತಡದಲ್ಲಿ ಗಟ್ಟಿ ಮಾಡಿದ ಅಕ್ರಿಲಿಕ್ ಬಿಲ್ಲೆಯನ್ನು ಕಂಪ್ಯೂಟರಿನ ಅಳತೆಯಂತೆ ಕಡೆದು ತೆಗೆಯುವ ವಿಧಾನವೂ ಈಗ ಇದೆ. ಕುಗ್ಗುವುದೆಲ್ಲ ಮೊದಲೇ ಮುಗಿದಿರುವುದರಿಂದ ಆ ಚಿಂತೆಯೇ ಇಲ್ಲ. ಜಪಾನಿನ ಸನ್ಯಾಸಿನಿಯ ಮರದ ತುಂಡಿನ ನೆನಪಾಯಿತು ನಮಗೆ.

ಸೆಟ್ಟು ಕೂರಿಸುವ ದಿನ ವೈದ್ಯರು ಮಾಷ್ಟ್ರಿಂದ ಮಾತಾಡಿಸಿದರು. ಇಂಗ್ಲಿಷಿನಲ್ಲಿ ‘ಸಿಕ್ಸ್ಟಿ ಸಿಕ್ಸ್’ ಎಂದು ಹೇಳಿಸುವುದು ಅವರ ವಾಡಿಕೆಯಂತೆ. ಸಕಾರ ಹೇಳುವಾಗ ಮೇಲಿನ ಕೆಳಗಿನ ಹಲ್ಲುಗಳು ತಾಗದೆ ಅತಿ ಹತ್ತಿರ ಬರುತ್ತವೆ. ಆಗ ತಾಗಿದರೆ ಎತ್ತರ ಜಾಸ್ತಿ ಎಂದರ್ಥ. ನಾಲಗೆಯ ನಡುವಿನ ಗಾಳಿಯ ಓಣಿ ಅಗಲವಾದರೆ ಸ ಹೋಗಿ ಶ ಆಗುತ್ತದೆ, ಕಿರಿದಾದರೆ ಸಿಳ್ಳೆ. ನಾವು ಕರಿಹಲಗೆಯಲ್ಲಿ ‘ದಂತ್ಯ’ ಎಂದು ಬರೆದು ಮುಂದೆ ಹೋಗುವ ತ ಥ ದ ಧ ನ ಎಲ್ಲವೂ ಅಲ್ಲಿ ಒಂದೊಂದಾಗಿ ಪರೀಕ್ಷೆಗೆ ಬಂದವು. ಗಡಿನಾಡಿನ ಬಾಯಿಗೆ ಇನ್ನೊಂದು ಪರೀಕ್ಷೆಯೂ ಇದೆ. ಮಲಯಾಳದಲ್ಲಿ ಗಾಳಿಗೆ ಹೇಳುವ ಮಾತಿನಲ್ಲಿ ನಾಲಗೆ ಹಲ್ಲಿಗೂ ತಾಗದೆ ಟಕಾರದ ಹಾಗೆ ಹಿಂದಕ್ಕೂ ಮಡಚದೆ, ಹಲ್ಲಿನ ಹಿಂದಿನ ವಸಡಿನ ದಿಣ್ಣೆಗೆ ತಾಗಬೇಕು. ಅದೇ ಜಾಗದಲ್ಲಿ ಈಗ ಅಕ್ರಿಲಿಕ್ ತಟ್ಟೆ. ಅದು ದಪ್ಪವಾದರೆ ಗಾಳಿ ಹೋಗಿ ಕಾಡು ಆದೀತು! ಮಾಷ್ಟ್ರು ಅದನ್ನೂ ಹೇಳಿ ನೋಡಿದರು. ವೈದ್ಯರಿಗೆ ಯಾಕೆಂದು ತಿಳಿಯಲಿಲ್ಲ.

ಆಮೇಲೆ ಕುರ್ಚಿಯಲ್ಲೇ ನೆಟ್ಟಗೆ ಕುಳಿತು, ಎದುರಿಗೆ ಧೃತರಾಷ್ಟ್ರನಿದ್ದಾನೆ ಎಂಬಂತೆ ವಿದುರನ ನಾಲ್ಕು ಮಾತು ಹೇಳಿದರು. “ಸಂಧಾನಕ್ಕೆ ಬಂದವನು ಸಾರಥಿಯಲ್ಲ ಸ್ವಾಮೀ…” ಎಂದು ಶುರುವಾದದ್ದು ಮುಗಿಯುವಾಗ ಹೊರಗೆ ಕಾಯುತ್ತಿದ್ದ ಇಬ್ಬರು ರೋಗಿಗಳು ಬಾಗಿಲಿಗೆ ಬಂದು ನಿಂತಿದ್ದರು. ಎಡಬದಿಯ ಕೆಳಗೆ ಒಂದು ಕಡೆ ಚುಚ್ಚುತ್ತದೆ ಎಂದರು. ವೈದ್ಯರು ಅಷ್ಟನ್ನು ಉಜ್ಜಿ ಕೊಟ್ಟು, ವಾರ ಬಿಟ್ಟು ಬರಲು ಹೇಳಿದರು. ಬರುವಾಗ ಬಸ್ಸಿನಲ್ಲಿ ಮಾಷ್ಟ್ರು ಕಿಟಕಿಯ ಪಕ್ಕ ಕುಳಿತು, ಯಾರಿಗೂ ಕೇಳಿಸದಂತೆ, ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಾ ಬಂದರು. ಗಡಿ ದಾಟಿದ ಮೇಲೆ ಮಲಯಾಳದ ಬೋರ್ಡುಗಳನ್ನೂ ಬಿಡಲಿಲ್ಲ.